ನಂಬರ್ 127

ಸೋಮವಾರ ಬೆಳಿಗ್ಗೆ ಬದಿಯಡ್ಕದ ಬಸ್ಸಿಗೆ ಹತ್ತಿದ್ದೇ ತಡ, ಕಂಡಕ್ಟರ್ ಎರಡೂ ಕೈ ಮೇಲೆತ್ತಿ ನಿಂತ. "ಮಾಷ್ಟ್ರೇ, ಟಿಕೆಟ್ ಬೇಡ, ಗುಂಡು ಹಾರಿಸ್ಬೇಡಿ" ಅಂದ. ಹಿಂದಿನ ಸೀಟಿನಿಂದ "ಡಬಡಬಡಬ" ಅಂತ ಬಾಯಲ್ಲೇ ಒಂದು ಹೆಲಿಕಾಪ್ಟರ್ ಹಾರಿತು. ತಿರುಗಿ ನೋಡಿದರೆ ನನ್ನದೇ ಕ್ಲಾಸಿನ ಹುಡುಗ. ಮುಖ ಕಿಟಕಿ ಕಡೆ, ತುಂಬ ಗಂಭೀರ.

ಹದಿನೇಳು ವರ್ಷದಿಂದ ಈ ಊರಿನ ಮಕ್ಕಳಿಗೆ ಹಳಗನ್ನಡ, ನಡುಗನ್ನಡ, ಸಂಧಿ ಸಮಾಸ ಎಲ್ಲ ಕಲಿಸಿದ್ದೇನೆ. ಆಗ ಯಾರೂ ಒಂದು ಅಡ್ಡಹೆಸರು ಇಡಲಿಲ್ಲ. ಒಂದು ಭಾನುವಾರ ಸಂಜೆಗೆ ನಾನು "ಕೋವಿ ಮಾಷ್ಟ್ರು" ಆಗಿಬಿಟ್ಟೆ.

ಅಪರಾಧಿ ನಾನಲ್ಲ, ನನ್ನ ಸೌಂಡ್ ಮಾಡ್ಯೂಲ್. ಭಾನುವಾರಗಳಲ್ಲಿ ನಾನು ಮದುವೆ ರಿಸೆಪ್ಶನ್, ಭಕ್ತಿಗಾನ, ಸಂಘದ ವಾರ್ಷಿಕೋತ್ಸವ ಅಂತ ಕೀಬೋರ್ಡ್ ನುಡಿಸುತ್ತೇನೆ. ಈ ಮಾಡ್ಯೂಲ್ ಅಂದರೆ ಏನು ಅಂತ ನೋಡದವರಿಗೆ ಹೇಳುವುದು ಕಷ್ಟ. ಕೀಬೋರ್ಡಿನಲ್ಲಿ ಬೆರಳಿಟ್ಟು ಒತ್ತುವ ಮನೆಗಳನ್ನೆಲ್ಲ ಕಿತ್ತು ಬಿಸಾಡಿ, ದನಿಯನ್ನು ಮಾತ್ರ ಒಂದು ಕಪ್ಪು ತಗಡಿನ ಪೆಟ್ಟಿಗೆಯಲ್ಲಿ ತುಂಬಿಟ್ಟ ಹಾಗೆ. 19 ಇಂಚು ಅಗಲ, ಮೂರೂವರೆ ಇಂಚು ಎತ್ತರ. ಎದುರಿಗೆ ಸಣ್ಣ ಪರದೆ, ಒಂದಷ್ಟು ಗುಂಡಿ, ಒಂದು ತಿರುಗಿಸುವ ಬಿರಡೆ. ಎರಡು ಬದಿಯ ಕಿವಿಗೆ ಸ್ಕ್ರೂ ಹಾಕಿ ರ‍್ಯಾಕಿಗೆ ಬಿಗಿಯಬೇಕು. ತಾನಾಗಿ ಬಾಯಿ ಬಿಡುವ ಜಾತಿ ಅಲ್ಲ. ಬೇರೆ ಕೀಬೋರ್ಡಿನಿಂದ ವಯರು ಎಳೆದು, ಇಂಥ ಸ್ವರ, ಇಂಥ ದನಿ ಅಂತ ಹೇಳಿದರೆ ಮಾತ್ರ ಹಾಡುತ್ತದೆ.

ಇದನ್ನು ಭಾವ ಶಾರ್ಜಾದಿಂದ ಸೆಕೆಂಡ್ ಹ್ಯಾಂಡ್ ತಂದು ಕೊಟ್ಟದ್ದು, ಖರ್ಜೂರ ಮತ್ತು ಬಾತ್ ಟವಲುಗಳ ನಡುವೆ ಸುತ್ತಿ. 1990ರ ದಶಕದ ಜಪಾನಿ ಮಾಲು. ಏರ್‌ಪೋರ್ಟಿನಲ್ಲಿ "ಇದೇನು?" ಅಂತ ಕೇಳಿದರಂತೆ. "ಸಂಗೀತದ ಸಾಮಾನು" ಅಂದನಂತೆ ಭಾವ. "ಹಾಗಾದ್ರೆ ಸ್ವಲ್ಪ ನುಡಿಸಿ ತೋರಿಸಿ." ಒಂದು ಮನೆಯೂ ಇಲ್ಲದ ಪೆಟ್ಟಿಗೆಯನ್ನು ನುಡಿಸುವುದು ಹೇಗೆ? ಭಾವ ಅದರ ಮುಂದೆ ನಿಂತು ತಾನೇ ಒಂದು ಭಜನೆ ಹಾಡಿದ ಅಂತ ಅಕ್ಕ ಹೇಳುತ್ತಾಳೆ. ಭಾವ ಈವರೆಗೆ ಒಪ್ಪಿಕೊಂಡಿಲ್ಲ.

ಇಲ್ಲಿಗೆ ಬಂದ ಮೇಲೂ ಅದಕ್ಕೆ ಮರ್ಯಾದೆ ಸಿಕ್ಕಿಲ್ಲ. ಒಬ್ಬರು ಇನ್ವರ್ಟರ್ ಅಂದರು. ಒಂದು ಗೃಹಪ್ರವೇಶದಲ್ಲಿ ಒಬ್ಬರು ಅಜ್ಜ "ಸಿ.ಡಿ. ಹಾಕುದು ಎಲ್ಲಿ?" ಅಂತ ಎಲ್ಲ ಸಂದಿಯಲ್ಲೂ ಬೆರಳು ಹಾಕಿ ನೋಡಿದರು. ಸಭೆಯ ಕಾಫಿ ಲೋಟ ಇಡುವುದಕ್ಕಂತೂ ಅದು ಹೇಳಿ ಮಾಡಿಸಿದ ಎತ್ತರ.

ಇವರೆಲ್ಲರನ್ನೂ ಸಹಿಸಬಹುದು. ನಮ್ಮ ಮೈಕ್ ಸೆಟ್ಟಿನ ಅಣ್ಣನನ್ನು ಸಹಿಸುವುದು ಕಷ್ಟ. ಒಳ್ಳೆಯ ಮನುಷ್ಯ. ಅರ್ಧ ರಾತ್ರಿಗೆ ಫೋನ್ ಮಾಡಿದರೂ ಜನರೇಟರ್ ತರುತ್ತಾನೆ. ಆದರೆ ಜಗತ್ತಿನ ಯಾವ ತೊಂದರೆಗೂ ಅವನಲ್ಲಿ ಒಂದೇ ಕಾರಣ: "ವಯರ್ ಲೂಸ್." ಗಾಯಕಿಯ ಗಂಟಲು ಕಟ್ಟಿದರೆ ವಯರ್ ಲೂಸ್. ಟ್ಯೂಬ್‌ಲೈಟ್ ಮಿನುಗಿದರೆ ವಯರ್ ಲೂಸ್. ಒಮ್ಮೆ ವರನ ಕಡೆಯವರು ಬರುವುದು ತಡವಾದಾಗಲೂ ಅವನ ಬಾಯಿಯಿಂದ ಅದೇ ಹೊರಟಿತು, ಆಮೇಲೆ ನಾಲಗೆ ಕಚ್ಚಿಕೊಂಡ. ಹೇಳಿ ಸುಮ್ಮನಿರುವುದಿಲ್ಲ. ಹತ್ತಿರದಲ್ಲಿರುವ ವಯರನ್ನು ಹಿಡಿದು ಅಲ್ಲಾಡಿಸಬೇಕು. ನಾಲ್ಕು ಸಲ, ಹಲ್ಲು ಕಚ್ಚಿ, ಹುಳುಕು ಹಲ್ಲು ಕೀಳುವ ಹಾಗೆ.

ಅದರಲ್ಲೂ ಕೀಬೋರ್ಡಿನಿಂದ ಪೆಟ್ಟಿಗೆಗೆ ಎಳೆಯುವ ವಯರು, ಮಿಡಿ ವಯರು, ಅಂದರೆ ಅವನಿಗೆ ಜನ್ಮದ ಸಿಟ್ಟು. 1983ರಲ್ಲಿ ಅಮೆರಿಕದ ಒಂದು ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳನ್ನು, ಪ್ರಾಫೆಟ್-600 ಮತ್ತು ಜ್ಯೂಪಿಟರ್-6 ಅನ್ನು, ಈ ವಯರಿನಿಂದ ಜೋಡಿಸಿ ತೋರಿಸಿದರು. ಇವತ್ತಿಗೂ ಅದೇ ಐದು ಕಡ್ಡಿಯ ಪ್ಲಗ್ಗು ನಡೆಯುತ್ತಿದೆ. ಐದರಲ್ಲಿ ಕೆಲಸ ಮಾಡುವುದು ಮೂರೇ ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದೆ. "ಉಳಿದೆರಡು ಸರಕಾರಿ ಕೆಲಸದ್ದಾ ಮಾಷ್ಟ್ರೇ?" ಅಂದ, ನಾನು ಸರಕಾರಿ ಸಂಬಳದವನು ಅಂತ ಗೊತ್ತಿದ್ದೂ. ಅದರಲ್ಲಿ ದನಿ ಹೋಗುವುದಿಲ್ಲ, ಬರೀ ಸುದ್ದಿ ಹೋಗುತ್ತದೆ ಅಂತ ಎಷ್ಟು ಸಲ ಹೇಳಿದರೂ ಅವನಿಗೆ ನಂಬಿಕೆ ಇಲ್ಲ. ಅನ್ನಸಂತರ್ಪಣೆಯಲ್ಲಿ ಪಂಕ್ತಿಯಿಂದ ಒಬ್ಬ ಅಡಿಗೆಯವರ ಹತ್ತಿರ ಓಡಿ "ಪಾಯಸ ತನ್ನಿ", ಆಮೇಲೆ "ಸಾಕು" ಅಂತ ಹೇಳುತ್ತಾನಲ್ಲ, ಮಿಡಿ ವಯರಿನ ಕೆಲಸ ಅಷ್ಟೇ. ಅವನ ಕೈಯಲ್ಲಿ ಪಾಯಸ ಇರುವುದಿಲ್ಲ. ಈ "ಸಾಕು" ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಬ್ಯಾಟರಿಯ ಕತೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಬಿಲ್ಲೆ ಬ್ಯಾಟರಿ ಇದೆ. ಸಿ.ಆರ್. 2032, ಕಾರಿನ ಕೀಲಿಗೆ ಹಾಕುತ್ತಾರಲ್ಲ, ಅದೇ. ಕರೆಂಟು ತೆಗೆದ ಮೇಲೂ ನಾವು ಮಾಡಿಟ್ಟ ದನಿಗಳು ನೆನಪಿರುವುದು ಅದರ ಪುಣ್ಯದಿಂದ. ಎರಡು ವರ್ಷದಿಂದ ಆನ್ ಮಾಡಿದಾಗಲೆಲ್ಲ ಪರದೆಯಲ್ಲಿ "ಬ್ಯಾಟರಿ ಲೋ" ಅಂತ ಬರುತ್ತಿತ್ತು. ನಾನು ಎಕ್ಸಿಟ್ ಗುಂಡಿ ಒತ್ತುತ್ತಿದ್ದೆ. ಬೈಕಿನ ಪೆಟ್ರೋಲ್ ಲೈಟಿಗೆ ನೀವು ಮಾಡುವುದೂ ಅದನ್ನೇ ಅಲ್ವಾ?

ಬ್ಯಾಟರಿ ತರಲಿಲ್ಲ ಅಂತಲ್ಲ. ಕಾಸರಗೋಡು ಪೇಟೆಯಿಂದ ತಂದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ನಾಲ್ಕು ಸ್ಕ್ರೂ ಬಿಚ್ಚುವುದಕ್ಕೆ ಒಳ್ಳೆಯ ಭಾನುವಾರ ಸಿಗಲಿಲ್ಲ ಅಷ್ಟೆ. ಒಂದು ದಿನ ಡ್ರಾಯರ್ ಎಳೆದರೆ ಬಿಲ್ಲೆ ಇಲ್ಲ. ಅಮ್ಮನ ಶುಗರ್ ನೋಡುವ ಮೆಷಿನಿನಲ್ಲಿತ್ತು. "ನಿನ್ನ ಪೆಟ್ಟಿಗೆ ಮುಖ್ಯವಾ, ನನ್ನ ಶುಗರ್ ಮುಖ್ಯವಾ?" ಅಂತ ಕೇಳಿದರೆ ಯಾವ ಮಗ ಏನು ಉತ್ತರ ಕೊಡಬಹುದು?

ಹೋದ ಶನಿವಾರ ರಾತ್ರಿ ಬ್ಯಾಟರಿ ಪೂರ್ತಿ ಸತ್ತಿತು. ಭಾನುವಾರ ಬೆಳಿಗ್ಗೆ ನೋಡಿದರೆ ನಾನು ಮಾಡಿಟ್ಟ ದನಿಗಳ ಜಾಗದಲ್ಲಿ ಯಾವ ಭಾಷೆಯೂ ಅಲ್ಲದ ಅಕ್ಷರಗಳು. ಏಳು ಭಾಷೆಯ ಊರಿನವನು ನಾನು, ನನಗೂ ಓದಲು ಬರಲಿಲ್ಲ. ಕೀಬೋರ್ಡಿನವರ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡರೆ ಒಬ್ಬರಾದ ಮೇಲೆ ಒಬ್ಬರು "ಕಂಪ್ಯೂಟರಿಗೆ ಬ್ಯಾಕಪ್ ತೆಗೆದಿಟ್ಟಿಲ್ವಾ?" ಅಂತ ಕೇಳಿದರು. ಅದೇ ಮಿಡಿ ವಯರಿನಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಸುರಿದಿಡಬಹುದು, ಕೆಲವೇ ನಿಮಿಷದ ಕೆಲಸ. ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು.

ಹೋದದ್ದರಲ್ಲಿ ಒಂದು ಮಾತ್ರ ಹೊಟ್ಟೆ ಉರಿಸುತ್ತದೆ. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ತಿದಿಗೆ ತೂತು. ಕಾಗದ ಅಂಟಿಸಿದ್ದರು. ಎರಡನೇ ಕಪ್ಪು ಮನೆ ಒತ್ತಿದರೆ ದನಿ ಸ್ವಲ್ಪ ಯೋಚನೆ ಮಾಡಿ ಬರುತ್ತಿತ್ತು. ಆ ಪೆಟ್ಟಿಗೆ ಗೆದ್ದಲು ಹಿಡಿದು ಹೋಯಿತು. ಎರಡು ಮಳೆಗಾಲ ಕೂತು ನಾನು ಮಾಡ್ಯೂಲಿನಲ್ಲಿ ಅದನ್ನು ಮಾಡಿದ್ದೆ. ಎರಡು ರೀಡ್ ದನಿ ಸೇರಿಸಿ, ಒಂದನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ, ಹಿಂದೆ ಒಂದು ಸಣ್ಣ ಗಾಳಿಯ ಸದ್ದು ಇಟ್ಟು. ಮೊದಲ ಸಲ ನುಡಿಸಿದಾಗ ಅಮ್ಮ ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಏನೂ ಹೇಳಲಿಲ್ಲ. ಸಾರು ಉಕ್ಕಿ ಒಲೆ ಆರಿತು.

ಅದಕ್ಕೆ "ಅಜ್ಜನ ಪೆಟ್ಟಿಗೆ" ಅಂತ ಹೆಸರಿಡಬೇಕೆಂದಿದ್ದೆ. ಆದರೆ ಪರದೆಯಲ್ಲಿ ಬರೆಯಲು ಬರುವುದು ಇಂಗ್ಲಿಷ್ ಅಕ್ಷರ ಮಾತ್ರ, ಅದೂ 12 ಅಕ್ಷರದೊಳಗೆ. ಎಣಿಸಿ ಎಣಿಸಿ ಬರೆದರೂ ಕೊನೆಯ "ಗೆ" ಹೊರಗೇ ಉಳಿಯಿತು. "ಅಜ್ಜನ ಪೆಟ್ಟಿ" ಅಂತಾಯಿತು. ಪೆಟ್ಟಿ ಅಂದರೆ ಮಲಯಾಳ. 1956ರಲ್ಲಿ ಊರೇ ಆಚೆ, ಕೇರಳಕ್ಕೆ, ಸೇರಿತು, ಅಜ್ಜ ಕೊನೆಯವರೆಗೂ ಅದಕ್ಕೆ ಗೊಣಗುತ್ತಿದ್ದರು. ಅವರ ಹಾರ್ಮೋನಿಯಮ್ಮನ್ನು ನಾನೇ ನನ್ನ ಕೈಯಾರೆ ಗಡಿ ದಾಟಿಸಿದೆ.

ಇರಲಿ. ಭಾನುವಾರ ಸಂಜೆ ಒಂದು ಯುವಕ ಸಂಘದ ವಾರ್ಷಿಕೋತ್ಸವ. ನನ್ನ ದನಿಗಳು ಹೋದರೂ ಕಂಪನಿ ತುಂಬಿಸಿಟ್ಟ ದನಿಗಳು ಇದ್ದವು, ಅವು ಬ್ಯಾಟರಿಗೆ ಕಾಯುವುದಿಲ್ಲ. ಜನರಲ್ ಮಿಡಿ ಅಂತ 1991ರಲ್ಲಿ ಒಂದು ಪಟ್ಟಿ ಮಾಡಿದ್ದಾರೆ. 128 ದನಿ, ಎಲ್ಲ ಕಂಪನಿಗೂ ಅದೇ ಕ್ರಮ. 105 ಸಿತಾರ್, 110 ಬ್ಯಾಗ್‌ಪೈಪ್, 112 ಶಹನಾಯಿ. ಹಕ್ಕಿ ಉಂಟು, ಟೆಲಿಫೋನ್ ಉಂಟು, ಹೆಲಿಕಾಪ್ಟರ್ ಉಂಟು. ಚೆಂಡೆ ಇಲ್ಲ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಕೂತು ಚೆಂಡೆ ಇಲ್ಲದ, ಹೆಲಿಕಾಪ್ಟರ್ ಇರುವ ಪಟ್ಟಿಯಿಂದ ಭಕ್ತಿಗೀತೆ ನುಡಿಸಬೇಕು. ಸಂಬಂಧ ಕೂಡಿಸುವ ಕಷ್ಟ ನಮಗೇ ಗೊತ್ತು.

ಬಹುಮಾನ ವಿತರಣೆಯ ಹೊತ್ತಿಗೆ ಸಂಘದ ಕಾರ್ಯದರ್ಶಿ ಓಡಿ ಬಂದರು. "ಮಾಷ್ಟ್ರೇ, ಒಬ್ಬರೂ ಚಪ್ಪಾಳೆ ತಟ್ಟುದಿಲ್ಲ. ಮುಖ್ಯ ಅತಿಥಿಗಳಿಗೆ ಬೇಜಾರಾಗ್ತದೆ." ಸಭೆಯ ತಪ್ಪಲ್ಲ. ಎಲ್ಲರ ಒಂದು ಕೈಯಲ್ಲಿ ಚರುಮುರಿ, ಇನ್ನೊಂದರಲ್ಲಿ ಮೊಬೈಲ್. "ನಿಮ್ಮ ಪೆಟ್ಟಿಗೆಯಲ್ಲಿ ಚಪ್ಪಾಳೆ ಉಂಟಾ?"

ಉಂಟು. ನಂಬರ್ 127.

ಮಾಡ್ಯೂಲಿನ ಬಿರಡೆ ಸವೆದು, ಮುಂದೆ ತಿರುಗಿಸಿದರೆ ಹಿಂದೆ ಹೋಗುತ್ತದೆ. ಹಾಗಾಗಿ ನಂಬರನ್ನು ಕೀಬೋರ್ಡಿನಿಂದಲೇ ಒತ್ತುವುದು ನನ್ನ ಅಭ್ಯಾಸ. ನನ್ನ ಕೀಬೋರ್ಡ್ ರಿಪೇರಿಗೆ ಮಂಗಳೂರಿಗೆ ಹೋಗಿ ತಿಂಗಳಾಯಿತು, ಅವತ್ತು ಇದ್ದದ್ದು ಎರವಲಿನದ್ದು. ನನ್ನದು ನಮ್ಮ ನಿಮ್ಮ ಹಾಗೆ 1ರಿಂದ ಎಣಿಸುತ್ತದೆ. ಎರವಲಿನದ್ದು 0ಯಿಂದ ಎಣಿಸುತ್ತದೆ. ಅದರಲ್ಲಿ 127 ಅಂತ ಒತ್ತಿದರೆ ಪೆಟ್ಟಿಗೆಗೆ ಕೇಳಿಸುವುದು 128.

ಪಟ್ಟಿಯಲ್ಲಿ 128 ಅಂದರೆ ಕೋವಿಯ ಗುಂಡು.

ಮುಖ್ಯ ಅತಿಥಿಗಳು ಹಗ್ಗಜಗ್ಗಾಟದ ತಂಡಕ್ಕೆ ಟ್ರೋಫಿ ಚಾಚಿದರು. ಚಪ್ಪಾಳೆ ಅಂದರೆ ತುಂಬ ಜನ ತಟ್ಟಿದ ಹಾಗೆ ಇರಬೇಕಲ್ಲ ಅಂತ ನಾನು ಎರಡೂ ಕೈಯಲ್ಲಿ ಎಂಟು ಮನೆ ಒತ್ತಿದೆ. ಎಂಟು ಗುಂಡು, ಎಂಟು ಬೇರೆ ಬೇರೆ ಶ್ರುತಿಯಲ್ಲಿ, ನಾಲ್ಕು ಸ್ಪೀಕರ್ ಬಾಕ್ಸಿನಿಂದ ಒಟ್ಟಿಗೆ. ಅತಿಥಿಗಳು ಟ್ರೋಫಿ ಬಿಟ್ಟು ಮೇಜಿನ ಅಡಿಗೆ ಹೋದರು. ಹಗ್ಗಜಗ್ಗಾಟದ ಎಂಟು ಜನ ಗಟ್ಟಿಗರಲ್ಲಿ ಐವರು ನೆಲಕ್ಕೆ ಕೂತರು. ಹಿಂದಿನ ಸಾಲಿನಿಂದ ಯಾರೋ "ಗರ್ನಾಲು ಈಗ ಯಾಕೆ ಬಿಟ್ಟದ್ದು?" ಅಂದರು.

ಎರಡನೇ ಬಹುಮಾನದವರು ಅಷ್ಟರಲ್ಲಿ ವೇದಿಕೆ ಹತ್ತಿದ್ದರು. ಒಂದು ನಂಬರ್ ಇಳಿಸಿದರೆ ಸಾಕಿತ್ತು. ಕೈ ನಡುಗಿ ಎರಡು ಇಳಿದುಹೋಯಿತು. ಒತ್ತಿದೆ. ಹೆಲಿಕಾಪ್ಟರ್.

ಅದೇ ಗಳಿಗೆಗೆ ಮೈಕಿನ ಅಣ್ಣ ಹಾರಿ ಬಂದ. "ವಯರ್ ಲೂಸ್ ಮಾಷ್ಟ್ರೇ!" ಮಿಡಿ ವಯರಿಗೇ ಕೈ ಹಾಕಿದ. ಒಂದು, ಎರಡು, ಮೂರು. ನಾಲ್ಕನೇ ಸಲಕ್ಕೆ ವಯರು ಅವನ ಕೈಗೇ ಬಂತು. ನಾನು ಮನೆಗಳಿಂದ ಬೆರಳು ತೆಗೆದೆ. ಹೆಲಿಕಾಪ್ಟರ್ ನಿಲ್ಲಲಿಲ್ಲ. "ಸಾಕು" ಅಂತ ಹೇಳಬೇಕಾದ ಆಳು ಅಣ್ಣನ ಕೈಯಲ್ಲಿ ನೇತಾಡುತ್ತಿದ್ದ.

ಮಕ್ಕಳೆಲ್ಲ ಚಪ್ಪರದಿಂದ ಹೊರಗೆ ಓಡಿದರು, ಅವರ ಹಿಂದೆ ಅಪ್ಪ ಅಮ್ಮಂದಿರು. ಯಾರೋ ಮಂತ್ರಿ ಬರುತ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಒಬ್ಬರು ಅಜ್ಜಿ ಆಕಾಶಕ್ಕೆ ಕೈ ಬೀಸಿದರು. ನಿರೂಪಕ ಮಾತ್ರ ಕರ್ತವ್ಯನಿಷ್ಠ. ಕನ್ನಡ, ಮಲಯಾಳ, ತುಳು ಮೂರರಲ್ಲೂ "ದಯವಿಟ್ಟು ಯಾರೂ ಮೈದಾನಕ್ಕೆ ಹೋಗಬೇಡಿ, ಇಳಿಯಲು ಜಾಗ ಬಿಡಿ" ಅಂತ ಘೋಷಿಸಿದ. ಮುಖ್ಯ ಅತಿಥಿಗಳು ಮೇಜಿನಡಿಯಿಂದ ಬಂದು ಶಾಲು ಸರಿ ಮಾಡಿಕೊಂಡರು, ತಮಗಿಂತ ದೊಡ್ಡವರು ಬರುತ್ತಿದ್ದಾರೇನೋ ಅಂತ.

ಕೊನೆಗೆ ನಾನು ಎದ್ದು ಕಂಡ ಸ್ವಿಚ್ಚನ್ನು ಆರಿಸಿದೆ. ಅದು ಇಡೀ ವೇದಿಕೆಯದ್ದು. ಲೈಟು, ಮೈಕು, ಫ್ಯಾನು, ಹೆಲಿಕಾಪ್ಟರ್ ಎಲ್ಲ ಒಟ್ಟಿಗೆ ನಿಂತವು. ಕಗ್ಗತ್ತಲು. ಆ ನಿಶ್ಶಬ್ದದಲ್ಲಿ ತೋಟದ ಕಡೆಯಿಂದ ಒಬ್ಬರು ಕೂಗಿ ಕೇಳಿದರು: "ಹಂದಿ ಸಿಕ್ಕಿತಾ?"

ಆಗ ಬಂತು ಚಪ್ಪಾಳೆ. ನಿಜವಾದದ್ದು, ಚರುಮುರಿ ಕೆಳಗಿಟ್ಟು ತಟ್ಟಿದ್ದು. ಎರಡು ನಿಮಿಷ ನಿಲ್ಲಲಿಲ್ಲ. ಅಣ್ಣ ಕತ್ತಲಲ್ಲೇ ನನ್ನ ಭುಜ ತಟ್ಟಿ, "ಹೇಳಿದೆ ಅಲ್ವಾ, ವಯರ್ ಲೂಸ್" ಅಂದ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಪೇಟೆಗೆ ಹೋಗಿ ಬಿಲ್ಲೆ ಬ್ಯಾಟರಿ ತಂದೆ. ಈ ಸಲ ಎರಡು. ಸ್ಕ್ರೂ ಬಿಚ್ಚಿದರೆ ಒಳಗೆ ಒಂದು ಸತ್ತ ಹಲ್ಲಿ, ಒಂದಷ್ಟು ಇರುವೆ, ಯಾವುದೋ ಮದುವೆಯ ಅಕ್ಷತೆ ನಾಲ್ಕು ಕಾಳು. ಗುಡಿಸಿ, ಬ್ಯಾಟರಿ ಹಾಕಿ, ಮುಚ್ಚಿ, ರಾತ್ರಿ ಹನ್ನೊಂದರವರೆಗೆ ಅಜ್ಜನ ಪೆಟ್ಟಿಗೆಯನ್ನು ಮತ್ತೆ ಮಾಡಲು ನೋಡಿದೆ. ಎರಡು ರೀಡ್. ಕೂದಲೆಳೆಯಷ್ಟು ಶ್ರುತಿ ವ್ಯತ್ಯಾಸ. ಗಾಳಿಯ ಸದ್ದು. ಲೆಕ್ಕಕ್ಕೆ ಎಲ್ಲ ಸರಿ ಇತ್ತು.

"ಅಪ್ಪನದ್ದು ಹೀಗೆ ಅಲ್ಲ" ಅಂತ ಅಮ್ಮ ಒಳಗಿನಿಂದಲೇ ಹೇಳಿದರು. "ಅದಕ್ಕೆ ಉಸಿರು ಸಾಲ್ತಿರಲಿಲ್ಲ. ಇದು ಗಟ್ಟಿಮುಟ್ಟಾಗಿ ಉಂಟು."

ಗಾಳಿ ಸ್ವಲ್ಪ ಕಡಿಮೆ ಮಾಡಿದೆ. ಉತ್ತರ ಬರಲಿಲ್ಲ. ಇನ್ನೂ ಸ್ವಲ್ಪ ಕಡಿಮೆ ಮಾಡಿದೆ. ಚಪ್ಪಲಿಯ ಸದ್ದು ಹತ್ತಿರ ಬಂತು. ನುಡಿಸುತ್ತಲೇ ಇದ್ದೆ, ತಲೆ ಎತ್ತಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಶುಗರ್ ಮೆಷಿನ್.

"ಆ ಬಿಲ್ಲೆ ಇನ್ನೊಂದು ಉಂಟಾ?"

ಉಂಟು. ಯಾರಿಗೂ ಸಿಗಬಾರದು ಅಂತ ಎಲ್ಲೋ ಅಡಗಿಸಿ ಇಟ್ಟಿದ್ದೇನೆ. ಅದನ್ನೇ ಈಗ ಹುಡುಕುತ್ತಿದ್ದೇನೆ.