ಗುಂಡಿಯ ಸೇವಾ ಹಿರಿತನ

ಕಲಬುರಗಿಯಲ್ಲಿ ನಮ್ಮ ಬಡಾವಣೆಯ ಉದ್ಯಾನದ ಮೂಲೆಯಲ್ಲಿ ಒಂದು ಗುಂಡಿ ಇತ್ತು. ಪ್ರತಿ ಜೂನ್ 5ರಂದು, ವಿಶ್ವ ಪರಿಸರ ದಿನದ ಸಮಾರಂಭದಲ್ಲಿ, ಅದರಲ್ಲಿ ಒಂದು ಸಸಿ ಇಳಿಯುತ್ತಿತ್ತು, ಹದಿನೈದು ದಿನದಲ್ಲಿ ಕಡ್ಡಿಯಾಗುತ್ತಿತ್ತು. ಒಂದು ವರ್ಷ ಹೊಂಗೆ, ಇನ್ನೊಂದು ವರ್ಷ ನೇರಳೆ, ಯಾರದೋ ಉತ್ಸಾಹಕ್ಕೆ ಒಮ್ಮೆ ಸಂಪಿಗೆ. ಅತಿಥಿಗಳು ಬದಲಾದರು, ಸಸಿಗಳು ಬದಲಾದವು, ಗುಂಡಿ ಮಾತ್ರ ಅದೇ. ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ಅದಕ್ಕೆ ಇಷ್ಟು ಹೊತ್ತಿಗೆ ಎರಡು ಬಡ್ತಿಯಾದರೂ ಸಿಕ್ಕಿರುತ್ತಿತ್ತು.

ಫೋಟೋಗಳಲ್ಲಿ ಸಸಿ ಕಾಣುವುದಿಲ್ಲ. ಕಿರುಬೆರಳು ದಪ್ಪದ ಕಾಂಡವನ್ನು ಹನ್ನೊಂದು ಕೈಗಳು ಹಿಡಿದಿರುತ್ತವೆ.

ಜೂನ್ 5ನ್ನೇ ಏಕೆ ಹಿಡಿದಿದ್ದಾರೆ? 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಆರಂಭವಾದದ್ದು ಅಂದು. ಸ್ವೀಡನ್ನಿನಲ್ಲಿ ಸಭೆ ಸೇರಿದ ತಪ್ಪಿಗೆ ಕಲಬುರಗಿಯಲ್ಲಿ ಸಸಿ ಸಾಯಬೇಕು. ನಮ್ಮವರೇ ಆದ ಕೆ. ಎಂ. ಮುನ್ಷಿ ಕೇಂದ್ರದ ಕೃಷಿ ಸಚಿವರಾಗಿದ್ದಾಗ, 1950ರಲ್ಲಿ, ವನಮಹೋತ್ಸವವನ್ನು ಜುಲೈಗೆ ಇಟ್ಟಿದ್ದರು, ಮಳೆ ನೋಡಿಕೊಂಡು. ಪಕ್ಕದ ಹಳ್ಳಿಯ ರೈತನಂತೂ ಮೃಗಶಿರ ಮಳೆ ಬಂದು ನೆಲ ಹದವಾಗುವವರೆಗೆ ಒಂದು ಹಿಡಿ ತೊಗರಿಯನ್ನೂ ಮಣ್ಣಿಗೆ ಹಾಕುವುದಿಲ್ಲ. ಅವನಿಗೆ ಬೀಜದ ದುಡ್ಡು ಕೈಯಿಂದ ಹೋಗುತ್ತದೆ, ನಮ್ಮ ಸಮಿತಿಗೆ ಸಸಿ ಪುಕ್ಕಟೆ ಬರುತ್ತದೆ.

ಒಂದು ವರ್ಷ ಸಮಿತಿಗೆ ಉದ್ಯಾನ ಸಾಲದೆನಿಸಿ 'ಮನೆಗೊಂದು ಕೈತೋಟ' ಎಂದು ಘೋಷಿಸಿದರು. ಭಾಷಣಕ್ಕೆ ಮಲೆನಾಡಿನ ಕಡೆಯಿಂದ ತಜ್ಞರೊಬ್ಬರು ಬಂದರು. "ದಿನಕ್ಕೆ ಆರು ಗಂಟೆ ಬಿಸಿಲು ಸಿಗುವ ಜಾಗವನ್ನು ಹುಡುಕಿಕೊಳ್ಳಿ" ಎಂದರು. ಕಲಬುರಗಿಯಲ್ಲಿ ಬಿಸಿಲು ಹುಡುಕುವುದು! ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನ ಸಭಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಚಪ್ಪಾಳೆಯನ್ನೂ ತಟ್ಟಿದೆವು.

ಆ ಚಪ್ಪಾಳೆಯ ಬಿಸಿಯಲ್ಲೇ ನಾನು ಮಾಳಿಗೆಯ ಮೇಲೆ ಹನ್ನೆರಡು ಕುಂಡ ಇಟ್ಟೆ. ಊರಿನ ಅಭಿಮಾನದಿಂದ ಮೊದಲು ನಮ್ಮ ಕಪ್ಪು ಎರೆಮಣ್ಣನ್ನೇ ತುಂಬಿದೆ. ಹೊಲದಲ್ಲಿ ಅದು ಬಂಗಾರ, ಕುಂಡದಲ್ಲಿ ಅದರ ಗುಣವೇ ಬೇರೆ. ತೇವವಿದ್ದರೆ ಉಬ್ಬಿ ಕೆಸರು, ಒಣಗಿದರೆ ಕುಗ್ಗಿ ಕುಂಡದ ಅಂಚನ್ನು ಬಿಟ್ಟು ಬಿರುಕು. ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಟುಹೋಗುತ್ತಿತ್ತು, ಬೇರಿಗೆ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಕೊನೆಗೆ ನರ್ಸರಿಯಿಂದ ಕೆಂಪು ಮಣ್ಣಿನ ಚೀಲಗಳನ್ನು ಹೊತ್ತು ತಂದೆ. ಎದುರು ಮನೆಯ ಆಯಿ ಕಟ್ಟೆಯಿಂದಲೇ ಕೇಳಿದಳು: "ಮಾಸ್ತರರೇ, ಕೊಂಡು ತಂದಿರಾ? ಮಣ್ಣನ್ನೇ?"

ಟೊಮೆಟೊ ಗಿಡ ಹೂವು ಬಿಟ್ಟಿತು, ಬಿಸಿಲು ಏರಿದಂತೆ ಒಂದೊಂದೇ ಉದುರಿಸಿ ಕೈತೊಳೆದುಕೊಂಡಿತು. ಕೊತ್ತಂಬರಿ ಎರಡು ಎಲೆ ಕೊಡುವ ಮೊದಲೇ ಹೂವಾಗಿ ಬೀಜದ ಚಿಂತೆಗೆ ಬಿತ್ತು. ಗುಲಾಬಿಯ ಬಗ್ಗೆ ಮನೆಯಲ್ಲಿ ಈಗಲೂ ಯಾರೂ ಮಾತಾಡುವುದಿಲ್ಲ.

ಇತ್ತ ಆಯಿಯ ಅಂಗಳದಲ್ಲಿ ಬಣ್ಣದ ಹಳೆಯ ಡಬ್ಬಗಳ ತುಂಬ ಪುಂಡಿ ಸೊಪ್ಪು. ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು, ನಲ್ಲಿ ಬಾರದ ದಿನ ಮೊಮ್ಮಗನ ಸ್ನಾನದ ನೀರು. ವಾರಕ್ಕೊಮ್ಮೆ ಜೋಳದ ರೊಟ್ಟಿಗೆ ಪುಂಡಿ ಪಲ್ಯ, ಅದರಲ್ಲಿ ನಮ್ಮ ಮನೆಗೂ ಒಂದು ಬಟ್ಟಲು. ನಮ್ಮ ಓಣಿಯಲ್ಲಿ ಆ ವರ್ಷ ತಿನ್ನಲು ಬಂದ ಕೈತೋಟವೆಂದರೆ ಅದೊಂದೇ.

'ಉತ್ತಮ ಕೈತೋಟ'ದ ತೀರ್ಪುಗಾರರು ಆಯಿಯ ಮನೆಗೂ ಬಂದರು. 'ಕುಂಡಗಳಿಲ್ಲ' ಎಂದು ಬರೆದುಕೊಂಡು ಹೋದರು. ಬಹುಮಾನ ಕೊನೆಯ ಮನೆಗೆ ಬಂತು. ಅಲ್ಲಿ ಬಿಳಿ ಪಿಂಗಾಣಿ ಕುಂಡಗಳ ಸಾಲು ನಿಜಕ್ಕೂ ಚೆನ್ನಾಗಿತ್ತು. ಹಿಂದಿನ ಸಂಜೆ ಆಟೋದಲ್ಲಿ ಬಂದಿದ್ದ ಆ ಗಿಡಗಳು ಮರುದಿನ ಅದೇ ಆಟೋದಲ್ಲಿ ನರ್ಸರಿಗೆ ಮರಳಿದವು. ಹೋಗುವಾಗಲೂ ಹಸಿರಾಗಿಯೇ ಇದ್ದವು, ಅದಕ್ಕಾದರೂ ಬಹುಮಾನ ಸಲ್ಲಲೇಬೇಕು.

ಆಮೇಲೆ ಕೊರೊನಾ ಬಂತು. 2020, 2021ರಲ್ಲಿ ಜೂನ್ 5ಕ್ಕೆ ಸಭೆಯಿಲ್ಲ, ಶಾಮಿಯಾನ ಇಲ್ಲ, ಸಸಿಯೂ ಇಲ್ಲ. ಗುಂಡಿಗೆ ಜೀವಮಾನದಲ್ಲಿ ಮೊದಲ ಸಲ ರಜೆ. ಯಾವುದೋ ಹಕ್ಕಿ ಬೇವಿನ ಹಣ್ಣು ತಿಂದು ಬೀಜವನ್ನು ಕಬ್ಬಿಣದ ಜಾಲರಿಯ ಒಳಗೇ ಬೀಳಿಸಿತ್ತು. ಅತಿಥಿಯೂ ಇಲ್ಲ, ಫಲಕವೂ ಇಲ್ಲ. ಮಳೆಗಾಲಕ್ಕೆ ಮೊಳೆಯಿತು. ಒಣಕಡ್ಡಿಗಳನ್ನೇ ಕಾವಲು ಕಾಯ್ದು ಬೇಸತ್ತಿದ್ದ ಜಾಲರಿ ಮೊದಲ ಬಾರಿ ಆಡುಗಳಿಂದ ಏನನ್ನಾದರೂ ಉಳಿಸಿತು. ಬೇಸಿಗೆಯಲ್ಲಿ ಆಯಿ ಒಂದು ಕೊಡ, ನಾನು ಒಂದು ಕೊಡ ಹಾಕಿದೆವು. 2022ರ ಹೊತ್ತಿಗೆ ಬೇವು ನನ್ನ ತಲೆ ಮೀರಿತ್ತು.

ಜೂನ್ 5ರ ಬೆಳಿಗ್ಗೆ ಸಮಿತಿಗೆ ದೊಡ್ಡ ಪೇಚಾಟ. ಅತಿಥಿಗಳು ಹೊರಟಾಗಿದೆ, ಗುಂಡಿ ಖಾಲಿ ಇಲ್ಲ. ಕಿತ್ತುಬಿಡೋಣ ಎಂದ ಒಬ್ಬನನ್ನು ಆಯಿ ನೋಡಿದ ನೋಟಕ್ಕೆ ಅವನು ಶಾಮಿಯಾನದ ಹಿಂದೆ ಸರಿದ. ಕೊನೆಗೆ ಕಾರ್ಯದರ್ಶಿ ಬುಡದ ಮಣ್ಣನ್ನು ನಾಲ್ಕು ಸಲ ಸಲಿಕೆಯಿಂದ ಕೆದಕಿಸಿ, ಕಾಂಡಕ್ಕೆ ರಿಬ್ಬನ್ ಕಟ್ಟಿಸಿದರು. ಅತಿಥಿಗಳು ಬಂದರು, ಹನ್ನೊಂದು ಕೈಗಳು ಬೇವನ್ನು ಹಿಡಿದವು, ಬಾಟಲಿಯಿಂದ ಅರ್ಧ ಲೋಟ ನೀರು ಬಿತ್ತು. ಆಳು ಮೀರಿದ ಬೇವನ್ನು ನೆಟ್ಟದ್ದಾಯಿತು.

ಎಲ್ಲರೂ ಉಪ್ಪಿಟ್ಟಿನ ಕಡೆ ಹೋದ ಮೇಲೆ ಕಾರ್ಯದರ್ಶಿ ಬೆವರೊರೆಸಿಕೊಳ್ಳುತ್ತ ನನ್ನ ಬಳಿ ಬಂದರು.

"ಮುಂದಿನ ವರ್ಷವೂ ಇದನ್ನೇ ನೆಡಬಹುದಲ್ಲವೇ ಮಾಸ್ತರರೇ? ಗುಂಡಿ ತೋಡುವ ಕೂಲಿಯೂ ಉಳಿಯುತ್ತದೆ."