ಸೋತವರ ಕರಪತ್ರವನ್ನೂ ಗುಜರಿಗೆ ಹಾಕಬೇಡಿ

ಕಂದಾಯ ಇಲಾಖೆಯಲ್ಲಿ ದುಡಿದು, ಚುನಾವಣೆ ಕೆಲಸವನ್ನೂ ಮಾಡಿ ನಿವೃತ್ತರಾದ ನಮ್ಮಂಥವರ ಮನೆಗಳಲ್ಲಿ ಹಳೇ ಟ್ರಂಕೊಂದು ಇರುತ್ತೆ. ಚುನಾವಣೆಯ ಕರಪತ್ರ, ತಗಡಿನ ಬಿಲ್ಲೆ, ಶಂಕುಸ್ಥಾಪನೆಯ ಆಹ್ವಾನ ಪತ್ರಿಕೆ, ಅಭ್ಯರ್ಥಿಯ ಫೋಟೊ ಇರೋ ಪುಟ್ಟ ಕ್ಯಾಲೆಂಡರ್. ಮಂಡ್ಯದ ಮನೆ ಖಾಲಿ ಮಾಡಿ ಮಕ್ಕಳ ಜೊತೆ ಬೆಂಗಳೂರಿಗೆ ಹೊರಟಾಗ ಅದು ನೇರ ಗುಜರಿ ಪಾಲು. ನೋಡಿದರೆ ಹೊಟ್ಟೆ ಉರಿಯುತ್ತೆ.

ಪಕ್ಷದ ಕಾರ್ಯಕರ್ತ ತನ್ನ ಪಕ್ಷದ್ದನ್ನು ಮಾತ್ರ ಎತ್ತಿಡುತ್ತಾನೆ. ನಾವು ಯಾರ ಪರವೂ ನಿಲ್ಲುವಂತಿರಲಿಲ್ಲ, ನಡತೆ ನಿಯಮ ಬಿಡುತ್ತಿರಲಿಲ್ಲ. ಅದಕ್ಕೇ ನಮ್ಮ ಟ್ರಂಕಿನಲ್ಲಿ ಎಲ್ಲರೂ ಇದ್ದಾರೆ. ಹಿರಿಯ ಶಿರಸ್ತೇದಾರರೊಬ್ಬರು ಕೊಟ್ಟ, ಕಾಂಗ್ರೆಸ್ಸಿನ ಹಳೇ ಚಿಹ್ನೆಗಳಾದ ಜೋಡೆತ್ತು, ಹಸು-ಕರುವಿನ ಚೀಟಿಗಳ ಪಕ್ಕದಲ್ಲೇ ಚಕ್ರದೊಳಗೆ ನೇಗಿಲು ಹೊತ್ತ ಜನತಾ ಪಕ್ಷದ ರೈತ. ಠೇವಣಿ ಕಳೆದುಕೊಂಡ ಪಕ್ಷೇತರರೂ ಇದ್ದಾರೆ.

ನನಗೆ ಹೆಚ್ಚು ಬೆಲೆಯೆನಿಸುವುದು ಆ ಪಕ್ಷೇತರರ ಕಾಗದವೇ. ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲಷ್ಟೇ ಅವರಿಗೆ ಚಿಹ್ನೆ ಸಿಗುತ್ತೆ. ಅಚ್ಚು ಹಾಕಿಸಿ ಹಂಚೋದೆಲ್ಲ ಎರಡು-ಮೂರು ವಾರದಲ್ಲಿ ಆಗಬೇಕು. 2019ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಗೆದ್ದರು, ಅವರ ಚಿಹ್ನೆಯಾದ ಕಹಳೆ ಊದುವ ರೈತ ಎಲ್ಲರ ನೆನಪಿನಲ್ಲಿ ಉಳಿದ. ಸೋತವರ ಚಿಹ್ನೆ ಯಾರಿಗೆ ನೆನಪಿದೆ? ಆದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗಕ್ಕೆ ನೀರು, ಮೈಷುಗರ್ ಸಕ್ಕರೆ ಕಾರ್ಖಾನೆ, ಕಬ್ಬಿನ ಬಾಕಿ ಅಂತ ಊರಿನ ಸಂಕಟ ಬರೆದವರಲ್ಲಿ ಅವರೂ ಇದ್ದರು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು-ವಿಳಾಸ ಇರಲೇಬೇಕು. ಹಾಗಾಗಿ ಮುಚ್ಚಿಹೋದ ಸಣ್ಣ ಪ್ರೆಸ್ಸುಗಳ ಗುರುತೂ ಅದರಲ್ಲೇ ಉಳಿದಿದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಂಚಿದ್ದನ್ನು ಇಟ್ಟುಕೊಳ್ಳಬಹುದು, ಕಚೇರಿಯದ್ದನ್ನಲ್ಲ. ಮತಪತ್ರ, ಸೀಲು ಯಾವತ್ತೂ ನೆನಪಿನ ಕಾಣಿಕೆಯಲ್ಲ. 1962ರಿಂದ ಮೈಸೂರಿನ ಕಾರ್ಖಾನೆಯಿಂದ ಬರುತ್ತಿರುವ ಅಳಿಸಲಾಗದ ಶಾಯಿಯ ಬಾಟಲಿ ಎಷ್ಟೇ ಆಸೆ ಹುಟ್ಟಿಸಿದರೂ ಮತದಾನ ಮುಗಿದ ಮೇಲೆ ಸಾಮಗ್ರಿ ಹಿಂದಿರುಗಿಸುವ ಡಿಮಸ್ಟರಿಂಗ್‌ನಲ್ಲಿ ವಾಪಸ್ ಒಪ್ಪಿಸಬೇಕಾದ್ದೇ.

1938ರ ಧ್ವಜ ಸತ್ಯಾಗ್ರಹದ ನೆನಪಿಗೆ ನಮ್ಮ ಜಿಲ್ಲೆಯ ಶಿವಪುರದಲ್ಲಿ ಸೌಧ ಇದೆ, ಹೆಮ್ಮೆಯ ವಿಷಯ. ಆಮೇಲಿನ ಚುನಾವಣೆಗಳಲ್ಲಿ ಈ ಜಿಲ್ಲೆಯ ಜನ ಏನು ಕೇಳಿದರು, ಅವರಿಗೆ ಯಾರು ಏನು ಮಾತು ಕೊಟ್ಟರು ಅನ್ನೋದನ್ನು ಕೈಯಲ್ಲಿ ಹಿಡಿದು ನೋಡೋಕೆ ಒಂದು ಜಾಗ ಬೇಡವೇ? ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಬೀರು ಕೊಟ್ಟರೂ ಸಾಕು, ನನ್ನ ಟ್ರಂಕನ್ನು ನಾನೇ ಹೊತ್ತುಕೊಂಡು ಹೋಗಿ ಕೊಡುತ್ತೇನೆ. ಪಕ್ಷದ ಕಚೇರಿಗೆ ಮಾತ್ರ ಕೊಡಲ್ಲ, ಅಲ್ಲಿ ಉಳಿದವರನ್ನೆಲ್ಲ ಆರಿಸಿ ಎಸೆಯುತ್ತಾರೆ.

ಅಲ್ಲೀವರೆಗೂ ನೀವು ಲ್ಯಾಮಿನೇಶನ್ ಮಾಡಿಸಬೇಡಿ, ಕಾಗದ ಹಾಳಾಗುತ್ತೆ. ತುಕ್ಕು ಹಿಡಿಯೋ ಗುಂಡುಪಿನ್ನು ತೆಗೆದುಬಿಡಿ. ಯಾವ ಊರು, ಯಾವ ಚುನಾವಣೆ ಅಂತ ಹಿಂದುಗಡೆ ಪೆನ್ಸಿಲಿನಲ್ಲಿ ಬರೆದಿಡಿ.