ಬಿಳಿ ಎತ್ತು, ಕೆಂಪು ಎತ್ತು

"ಸರ, ಎತ್ತು ಬಿಳೇದು ಬ್ಯಾಡ್ರಿ, ಕೆಂದ ಮಾಡ್ರಿ. ಬರೇ ಬಣ್ಣ ಅಲ್ಲೇನ್ರಿ?"

ಬೀಜದ ಅಂಗಡಿಯವರ ಫೋನು. ಕಾರ ಹುಣ್ಣಿಮೆ ಬ್ಯಾನರಿಗೆ ನಾನು ಬರೆದುಕೊಟ್ಟ ಎತ್ತದು. ಆ 'ಬರೇ' ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಬ್ರಶ್ ಒಮ್ಮೆ ಎಳೆದರೆ ಒಂದು ಪಾಥ್, ಅಂದರೆ ತನ್ನದೇ ಬಣ್ಣದ ಒಂದು ಬಿಡಿ ಗೆರೆ. ಹಿಣಿಲಿಗೆ 60, ಗಂಗೆದೊಗಲಿಗೆ 80, ಹೊಟ್ಟೆಯ ನೆರಳಿಗೆ ದೇವರೇ ಬಲ್ಲ. ಒಟ್ಟು 412 ಗೆರೆ, ಎಲ್ಲ ಒಂದೇ ಲೇಯರಿನಲ್ಲಿ, ಅಂದರೆ ಒಂದೇ ಪದರದಲ್ಲಿ. ಒಂದಕ್ಕೂ ಹೆಸರಿಟ್ಟಿಲ್ಲ. ಇಂಕ್‌ಸ್ಕೇಪ್ ತಾನೇ ಇಟ್ಟುಕೊಂಡ ಹೆಸರು 'ಪಾಥ್3847' ಅಂಥವು.

ಅವರ ಬೇಡಿಕೆಗೆ ಕಾರಣ ಇತ್ತು ಅನ್ನಿ. ನಮ್ಮ ಕಡೆ ಕಾರ ಹುಣ್ಣಿಮೆ ಸಂಜೆ ಎತ್ತು ಓಡಿಸಿ ಕರಿ, ಅಂದರೆ ಅಡ್ಡ ಕಟ್ಟಿದ ತೋರಣ, ಹರಿಯುವಾಗ ಕೆಂಪೆತ್ತು ಮುಂದೆ ಬಂದರೆ ಮುಂಗಾರಿ ಪೀಕು ಛಲೋ, ಬಿಳಿ ಎತ್ತು ಬಂದರೆ ಹಿಂಗಾರಿ. ಅವರ ಅಂಗಡಿ ತುಂಬ ಮುಂಗಾರಿ ಬೀಜ.

ಶಿಗ್ಗಾವಿ ಕಡೆಯ ನಮ್ಮ ಸೋದರಮಾವನದೂ ಇದೇ ತಕರಾರು. ಎತ್ತು ಬಿಳಿ, ಬಿತ್ತಿದ್ದೆಲ್ಲ ಮುಂಗಾರಿ. ಒಂದು ವರ್ಷ ಕೋಡಿಗೆ ಹಚ್ಚಲು ಕಲಸಿದ ಹುರಮಂಜನ್ನು, ಅದೇ ಕೆಂಪು ಮಣ್ಣಿನ ಬಣ್ಣವನ್ನು, ಬಕೆಟ್‌ಗಟ್ಟಲೆ ಎತ್ತಿನ ಮೈಮೇಲೆ ಸುರಿದ. ನಾನು ಬಾಲದ ಕಡೆ ತಿಕ್ಕಿದೆ. ಕಾಲು ತಾಸೂ ಹಿಡಿಯಲಿಲ್ಲ. ಸಂಜೆ ಅದೇ ಎತ್ತು ಕರಿ ಹರಿಯಿತು! ಇದು ಕೆಂಪೋ ಬಿಳಿಯೋ ಅಂತ ಹನುಮಪ್ಪನ ಗುಡಿ ಕಟ್ಟೆ ಮೇಲೆ ಹಿರಿಯರ ಜಗಳ. "ಕಣ್ಣಿಗೆ ಕಂಡದ್ದ ಖರೆ" ಅಂತ ಮಾವ. "ಹುಟ್ಟಿದ ಬಣ್ಣ ನೋಡ್ರಪಾ" ಅಂತ ಗೌಡರು. ಚಹಾ ಬಂತು, ಮತ್ತೆ ಜಗಳ. ಕಡೆಗೆ ಮಳೆ ಬಂತು. ಎತ್ತು ಕಟ್ಟೆ ಮುಂದೆಯೇ ಬೆಳ್ಳಗಾಗುತ್ತಾ ನಿಂತಿತು. ಮಾವ ಆ ವಾರ ಊರೊಳಗೆ ಬರಲಿಲ್ಲ.

ಅಂಥದೊಂದು ಬಕೆಟ್ ನನಗೂ ಬೇಕಿತ್ತು. ಒಂದೇ ಬಣ್ಣದ ಗೆರೆಗಳನ್ನೆಲ್ಲ ಒಟ್ಟಿಗೆ ಆರಿಸುವ 'ಸೇಮ್ ಫಿಲ್ ಕಲರ್' ಒತ್ತಿದೆ. ಸಿಕ್ಕಿದ್ದು 37. ಉಳಿದವೆಲ್ಲ ಕೂದಲೆಳೆಯಷ್ಟು ಬೇರೆ ಬೇರೆ ಬಿಳಿ. ಕಲಾವಿದ ಅಲ್ವಾ ನಾನು, ಒಂದು ಬಿಳಿ ಸಾಕಾಗಲಿಲ್ಲ. ಆ 37ನ್ನು ಕೆಂಪು ಮಾಡಿದರೆ, ಅದರಲ್ಲೇ ಕಣ್ಣಿನ ಬಿಳಿಯೂ ಇದ್ದು, ಎತ್ತು ನನ್ನನ್ನೇ ಕೆಕ್ಕರಿಸಿ ನೋಡಿತು. ಎಲ್ಲ ಗೆರೆ ಬೆಸೆದು ಒಂದೇ ಆಕಾರ ಮಾಡುವ ಯೂನಿಯನ್ ಒತ್ತಿದೆ. ನೆರಳೆಲ್ಲ ಮಾಯವಾಗಿ ಎತ್ತು ಇಟ್ಟಂಗಿಯಂತೆ ಕಂಡಿತು. ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಬಂದೆ. ಗೆರೆಗಳನ್ನು ಮೊದಲೇ ಗುಂಪು ಮಾಡಿಟ್ಟುಕೋ ಅಂತ ಹೇಳುವವರು ಬಹಳ. ಅವರ್ಯಾರೂ ರಾತ್ರಿ 11ಕ್ಕೆ ನನ್ನ ಜೊತೆ ಕೂತು ಗೆರೆ ಆರಿಸಲಿಲ್ಲ.

ಒಂದೊಂದೇ ಆರಿಸಿ ಕೆಂಪು ಮಾಡಿದೆ. ಕಳಿಸುವ ಹೊತ್ತಿಗೆ ಕಿವಿಯ ಹತ್ತಿರ ಒಂದು ಗೆರೆ ಬಿಳಿ ಉಳಿದದ್ದು ಕಂಡಿತು. ಹಿಂಗಾರಿಗೂ ಏನಾದರೂ ಇರಲಿ ಅಂತ ಸುಮ್ನೆ ಬಿಟ್ಟೆ.